ಮಲೀದಾ ತಟ್ಟೆಯ ಸುತ್ತ: ಚಿಕ್ಕ ಸಮುದಾಯದ ಮಕ್ಕಳು ಕಲಿಯುವ ಬಗೆ

ಪ್ರಶ್ನೆ: ನಾವು ಠಾಣೆಯಲ್ಲಿ ನೆಲೆಸಿರುವ ಕನ್ನಡಿಗರು. ನಮ್ಮ ಕಟ್ಟಡದಲ್ಲಿ ಒಂದು ಬೆನೆ ಇಸ್ರೇಲ್ ಯಹೂದಿ ಕುಟುಂಬವಿದೆ. ಅವರ ಮಗನಿಗೆ ಹದಿಮೂರು ತುಂಬುತ್ತಿದೆ. ಮನೆಯಲ್ಲಿ ನಡೆಯುವ ‘ಮಲೀದಾ’ಕ್ಕೂ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ನಡೆಯುವ ಬಾರ್ ಮಿತ್ಸ್ವಾಕ್ಕೂ ನಮ್ಮನ್ನು ಕರೆದಿದ್ದಾರೆ. ಅಲ್ಲಿ ಏನು ನಡೆಯುತ್ತದೆ, ನಾವು ಹೇಗೆ ನಡೆದುಕೊಳ್ಳಬೇಕು? ಜೊತೆಗೆ ಇನ್ನೊಂದು ವಿಷಯ. ನಾನು ಭಾನುವಾರ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತೇನೆ. ದಸರಾ ರಜೆ ಮುಗಿದರೆ ಅರ್ಧ ಮಕ್ಕಳು ಹಿಂತಿರುಗುವುದೇ ಇಲ್ಲ. ಬೆರಳೆಣಿಕೆಯ ಮನೆಗಳಿರುವ ಇವರು ಮಕ್ಕಳಿಗೆ ಹೀಬ್ರೂ, ಹಬ್ಬ, ಪ್ರಾರ್ಥನೆಗಳನ್ನು ಹೇಗೆ ಕಲಿಸುತ್ತಾರೆ? ನಮ್ಮ ತರಗತಿಗೆ ಅದರಿಂದ ಪಡೆಯುವುದೇನಾದರೂ ಇದೆಯೇ?

ಉತ್ತರ: ಖಂಡಿತ ಹೋಗಿ, ಮನೆಮಂದಿಯೆಲ್ಲ ಹೋಗಿ. ಮಲೀದಾಕ್ಕೆ ಕರೆದಿದ್ದಾರೆ ಎಂದರೆ ನಿಮ್ಮನ್ನು ತಮ್ಮವರೆಂದು ಎಣಿಸಿದ್ದಾರೆ. ಜಗತ್ತಿನ ಬೇರೆ ಯಹೂದಿಗಳಲ್ಲಿ ಈ ಆಚರಣೆ ಕಾಣಸಿಗದು. ಕೊಂಕಣದ ಕರಾವಳಿಯಲ್ಲಿ ಬೆಳೆದ ಬೆನೆ ಇಸ್ರೇಲರದ್ದೇ ಆಸ್ತಿ ಇದು. ಮದುವೆಗೆ ಮುಂಚೆ, ಹೊಸ ಮನೆಗೆ ಹೊಕ್ಕಾಗ, ಹರಕೆ ತೀರಿದಾಗ, ಕಾಯಿಲೆಯಿಂದ ಎದ್ದಾಗ, ಮಗ ಹದಿಮೂರು ತುಂಬಿ ಧರ್ಮದ ಹೊಣೆ ಹೊರುವ ಬಾರ್ ಮಿತ್ಸ್ವಾದ ವಯಸ್ಸಿಗೆ ಬಂದಾಗ ಇದನ್ನು ಇಟ್ಟುಕೊಳ್ಳುತ್ತಾರೆ. ಪ್ರವಾದಿ ಎಲಿಯಾಹುವನ್ನು ನೆನೆದು ದೇವರಿಗೆ ಕೃತಜ್ಞತೆ ಹೇಳುವ ಪ್ರಾರ್ಥನೆ ಅದು.

ನಡುವೆ ಒಂದು ದೊಡ್ಡ ತಟ್ಟೆ ಇಟ್ಟಿರುತ್ತಾರೆ. ನೆನೆಸಿದ ಅವಲಕ್ಕಿಗೆ ಸಕ್ಕರೆ ಅಥವಾ ಬೆಲ್ಲ, ಕಾಯಿತುರಿ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಬೆರೆಸಿ ಗೋಪುರದ ಹಾಗೆ ಒಟ್ಟಿ, ಸುತ್ತಲೂ ಹಣ್ಣುಗಳನ್ನು ಜೋಡಿಸುತ್ತಾರೆ. ಖರ್ಜೂರ ಇರಲೇಬೇಕು, ಬಾಳೆಹಣ್ಣೂ ಇರುತ್ತದೆ. ಗುಲಾಬಿಯ ಎಸಳೋ ಸಬ್ಜಾದ ಕುಡಿಯೋ ಸುವಾಸನೆಗೆಂದು ಪಕ್ಕದಲ್ಲಿರುತ್ತದೆ. ನಮ್ಮ ಕಣ್ಣಿಗೆ ಇದು ಸಿಹಿ ಅವಲಕ್ಕಿಯೇ. ನಿಮ್ಮ ಮಗಳು ನೋಡಿದೊಡನೆ ‘ಇದು ಗೋಕುಲಾಷ್ಟಮಿಯದ್ದು’ ಎಂದರೂ ಎನ್ನಬಹುದು, ಅವರು ಬೇಸರಪಡುವುದಿಲ್ಲ. ಹೀಬ್ರೂ ಪ್ರಾರ್ಥನೆ, ಎಲಿಯಾಹುವಿನ ಹಾಡು ಮುಗಿದ ಮೇಲೆ ಪ್ರಸಾದದಂತೆ ಎಲ್ಲರಿಗೂ ಹಂಚುತ್ತಾರೆ.

ಹಂಚುವಾಗಿನ ಕ್ರಮವನ್ನು ಗಮನವಿಟ್ಟು ನೋಡಿ. ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಒಂದೊಂದು ಬಗೆಯ ಪದಾರ್ಥಕ್ಕೂ ಒಂದೊಂದು ಆಶೀರ್ವಚನವಿದೆ. ಖರ್ಜೂರವನ್ನು ಬಾಯಿಗೆ ಹಾಕುವ ಮೊದಲು ‘ಮರದ ಫಲವನ್ನು ಸೃಷ್ಟಿಸಿದವನೇ’ ಎಂದು ಹೇಳಬೇಕು. ಬಾಳೆಹಣ್ಣಿಗೆ ಅದೇ ಮಾತು ನಡೆಯುವುದಿಲ್ಲ. ಬಾಳೆ ಮರವಲ್ಲ, ಗೊನೆ ಬಿಟ್ಟ ಮೇಲೆ ಬೀಳುವ ಗಿಡ. ಹಾಗಾಗಿ ಅದಕ್ಕೆ ‘ನೆಲದ ಫಲ’ ಎನ್ನುವ ಬೇರೆ ವಚನ. ಸುವಾಸನೆಗೆ ಮತ್ತೊಂದು. ಆರು ವರ್ಷದ ಮಗು ತಟ್ಟೆಯ ಮುಂದೆ ಕೂತು, ಯಾವ ಹಣ್ಣಿಗೆ ಯಾವ ವಚನ ಎಂದು ತಪ್ಪಿ ಹೇಳಿ, ಅಜ್ಜಿಯಿಂದ ತಿದ್ದಿಸಿಕೊಂಡು, ಸರಿ ಹೇಳಿ ತಿನ್ನುತ್ತದೆ. ಅಲ್ಲಿ ಪಾಠವೂ ಆಯಿತು, ಹಬ್ಬವೂ ಆಯಿತು. ಯಾರೂ ಅದಕ್ಕೆ ತರಗತಿ ಎಂದು ಹೆಸರಿಟ್ಟಿರುವುದಿಲ್ಲ.

ನಡವಳಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆಯಲ್ಲಿ ಮಾಡಿದ ತಿಂಡಿ ಒಯ್ಯಬೇಡಿ, ಅವರಿಗೆ ಕೋಶರ್ ಆಹಾರ ನಿಯಮಗಳಿವೆ. ಹೆಚ್ಚದ ಇಡೀ ಹಣ್ಣು ಅಥವಾ ಹೂವು ಒಯ್ದರೆ ಅವರಿಗೆ ಯಾವ ಸಂಕೋಚವೂ ಆಗುವುದಿಲ್ಲ. ಸಿನಗಾಗ್‌ಗೆ ಹೋಗುವಾಗ ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಬಾಗಿಲಲ್ಲಿ ಟೋಪಿ ಕೊಡುತ್ತಾರೆ, ಇಲ್ಲದಿದ್ದರೆ ಕರವಸ್ತ್ರ ಸಾಕು. ಗುರುತಿನ ಚೀಟಿ ಜೊತೆಗಿರಲಿ. 2008ರ ನವೆಂಬರಿನಲ್ಲಿ ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸ್‌ನಲ್ಲಿ ನಡೆದ ಹತ್ಯೆಗಳ ನಂತರ ಮುಂಬೈ ಸುತ್ತಿನ ಸಿನಗಾಗ್‌ಗಳಲ್ಲಿ ಹೊರಗಿನವರನ್ನು ವಿಚಾರಿಸಿಯೇ ಒಳಗೆ ಬಿಡುತ್ತಾರೆ. ನಿಮ್ಮ ಹೆಸರನ್ನು ಮೊದಲೇ ಹೇಳಿಡುವಂತೆ ಆ ಕುಟುಂಬವನ್ನು ಕೇಳಿಕೊಳ್ಳಿ. ಕಾರ್ಯಕ್ರಮ ಯಾವ ವಾರ ಎಂದೂ ಕೇಳಿ. ತೋರಾ ಓದುವುದು ಶನಿವಾರ ಬೆಳಿಗ್ಗೆ, ಸೋಮವಾರ ಮತ್ತು ಗುರುವಾರವೂ ಓದುತ್ತಾರೆ. ಶನಿವಾರವಾದರೆ ಅದು ಶಬ್ಬಾತ್, ವಾರದ ಪವಿತ್ರ ಬಿಡುವಿನ ದಿನ: ಅಂದು ಫೋಟೋ, ಮೊಬೈಲ್, ಬರೆಯುವುದು, ದುಡ್ಡಿನ ಲಕೋಟೆ ಯಾವುದೂ ಸಲ್ಲದು. ಉಡುಗೊರೆಯನ್ನು ಮಲೀದಾದ ದಿನವೇ ಮನೆಯಲ್ಲಿ ಕೊಟ್ಟುಬಿಡಿ.

ಈಗ ಆ ಹುಡುಗನ ಕೆಲಸವನ್ನು ನೋಡೋಣ, ಏಕೆಂದರೆ ಅಂದು ನಿಮ್ಮ ಕಣ್ಣೆದುರು ನಡೆಯುವುದು ಸುಲಭದ ಸಂಗತಿಯಲ್ಲ. ತೋರಾ ಎಂದರೆ ಯಹೂದಿ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳು. ಸಿನಗಾಗ್‌ನಲ್ಲಿ ಓದುವ ಪ್ರತಿಯನ್ನು ಇಂದಿಗೂ ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯುತ್ತಾರೆ. ಸಂಪ್ರದಾಯದ ಎಣಿಕೆಯಂತೆ 3,04,805 ಅಕ್ಷರಗಳು. ಒಂದು ಅಕ್ಷರ ಅಳಿಸಿಹೋದರೂ ತಿದ್ದಿಸುವವರೆಗೆ ಆ ಸುರುಳಿಯನ್ನು ಓದುವಂತಿಲ್ಲ. ಆ ಬರಹದಲ್ಲಿ ವ್ಯಂಜನಗಳಷ್ಟೇ ಇವೆ. ಸ್ವರಚಿಹ್ನೆ ಇಲ್ಲ, ವಿರಾಮವಿಲ್ಲ, ರಾಗದ ಗುರುತೂ ಇಲ್ಲ. ಕಾಗುಣಿತವನ್ನೆಲ್ಲ ಕಿತ್ತುಹಾಕಿದ ಕನ್ನಡ ಪುಟವನ್ನು ತಪ್ಪಿಲ್ಲದೆ, ಗೊತ್ತಾದ ಧಾಟಿಯಲ್ಲಿ, ಹಿರಿಯರ ಮುಂದೆ ಹಾಡಿ ಓದು ಎಂದರೆ ನಮ್ಮಲ್ಲಿ ಎಷ್ಟು ಜನ ಓದಿಯೇವು? ಹುಡುಗ ಮುದ್ರಿತ ಪುಸ್ತಕದಿಂದ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಸ್ವರವನ್ನೂ ಧಾಟಿಯನ್ನೂ ನಾಲಗೆಗೆ ಹತ್ತಿಸಿಕೊಂಡು ಬಂದಿರುತ್ತಾನೆ. ಸುರುಳಿಯನ್ನು ಬೆರಳಿನಿಂದ ಮುಟ್ಟುವಂತಿಲ್ಲ. ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರಿಸಿಕೊಳ್ಳುತ್ತಾ ಓದುತ್ತಾನೆ. ತಪ್ಪಾದರೆ ಪಕ್ಕದಲ್ಲಿ ನಿಂತವರು ಅಲ್ಲೇ ಸರಿಪಡಿಸುತ್ತಾರೆ, ಅವನು ಹಿಂದಕ್ಕೆ ಹೋಗಿ ಸರಿಯಾಗಿ ಓದುತ್ತಾನೆ. ಅದರಲ್ಲಿ ಅವಮಾನವೇನೂ ಇಲ್ಲ. ದೊಡ್ಡವರನ್ನೂ ಹಾಗೆಯೇ ತಿದ್ದುತ್ತಾರೆ.

ಅಂದಿನಿಂದ ಅವನು ಲೆಕ್ಕಕ್ಕೆ ಬರುತ್ತಾನೆ. ಈ ಮಾತನ್ನು ಅಕ್ಷರಶಃ ಹೇಳುತ್ತಿದ್ದೇನೆ. ಸಾಮೂಹಿಕ ಪ್ರಾರ್ಥನೆಗೆ, ಸುರುಳಿಯನ್ನು ತೆರೆದು ಓದುವುದಕ್ಕೆ, ತೀರಿಕೊಂಡವರಿಗಾಗಿ ಹೇಳುವ ಕದ್ದೀಶ್ ಎಂಬ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕರು ಬೇಕು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಭಾರತದ ಸಿನಗಾಗ್‌ಗಳಲ್ಲಿ ಹತ್ತು ಗಂಡಸರನ್ನು ಎಣಿಸುತ್ತಾರೆ. ಬೇರೆ ದೇಶಗಳ ಕೆಲವು ಪಂಥಗಳಲ್ಲಿ ಹೆಂಗಸರೂ ಲೆಕ್ಕಕ್ಕಿದ್ದಾರೆ. ಒಂಬತ್ತು ಜನ ಕೂತು, ಹತ್ತನೆಯವನಿಗಾಗಿ ಬಾಗಿಲ ಕಡೆ ನೋಡುತ್ತಿರುವ ಸಿನಗಾಗ್‌ಗಳನ್ನು ಅಲಿಬಾಗ್ ಸೀಮೆಯಲ್ಲಿ ನಾನು ಕಂಡಿದ್ದೇನೆ. ಫೋನ್ ಮಾಡುತ್ತಾರೆ, ರಿಕ್ಷಾ ಕಳಿಸುತ್ತಾರೆ, ಅರ್ಧ ಗಂಟೆ ಕಾಯುತ್ತಾರೆ. ಹದಿಮೂರರ ಹುಡುಗನೊಬ್ಬ ಆಗ ಒಳಗೆ ಕಾಲಿಟ್ಟರೆ ಎಪ್ಪತ್ತು ವರ್ಷದವರು ಎದ್ದು ಅವನಿಗೆ ಜಾಗ ಮಾಡಿಕೊಡುತ್ತಾರೆ. ಅವನು ಬಂದದ್ದರಿಂದ ಪ್ರಾರ್ಥನೆ ನಡೆಯಿತು ಎಂಬುದು ಅವನಿಗೂ ಗೊತ್ತು, ಅವರಿಗೂ ಗೊತ್ತು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದು. ಯಹೂದಿ ಸಮುದಾಯದ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರಿಗೆ ಹೆಚ್ಚು ಜಾಗವಿಲ್ಲ. ಪ್ರತಿ ಆಚರಣೆಯಲ್ಲೂ ಒಂದು ಸ್ಥಾನವನ್ನು ಖಾಲಿ ಬಿಟ್ಟಿರುತ್ತಾರೆ. ಅದನ್ನು ಯಾರಾದರೂ ಬಂದು ತುಂಬದಿದ್ದರೆ ಕೆಲಸ ಮುಂದೆ ಸಾಗುವುದಿಲ್ಲ. ಬಹಳ ಸಲ ಆ ಸ್ಥಾನ ಮಗುವಿನದು.

ಪೆಸಾಹ್ ಹಬ್ಬದ ರಾತ್ರಿಯ ಸೇದರ್ ಊಟವನ್ನೇ ತೆಗೆದುಕೊಳ್ಳಿ. ಈಜಿಪ್ಟಿನ ದಾಸ್ಯದಿಂದ ಪಾರಾದ ಕಥೆಯನ್ನು ಅಂದು ಹೇಳಬೇಕು. ಆದರೆ ಹಿರಿಯರು ತಾವಾಗಿ ಕಥೆ ಶುರು ಮಾಡುವಂತಿಲ್ಲ. ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ‘ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಏಕೆ ಬೇರೆ?’ ಎಂದು ಕೇಳಬೇಕು. ಆ ರಾತ್ರಿಯ ಊಟದಲ್ಲಿ ಎಷ್ಟೋ ವಿಚಿತ್ರಗಳನ್ನು ಮಗುವಿಗೆ ಕುತೂಹಲ ಹುಟ್ಟಲೆಂದೇ ಇಟ್ಟಿದ್ದಾರೆ: ಕಹಿ ಸೊಪ್ಪು, ಉಪ್ಪುನೀರಿನಲ್ಲಿ ಅದ್ದಿ ತಿನ್ನುವುದು, ಉಬ್ಬದ ರೊಟ್ಟಿಯ ಒಂದು ತುಂಡನ್ನು ಬಚ್ಚಿಡುವುದು. ಆ ತುಂಡನ್ನು ಮಕ್ಕಳು ಹುಡುಕಿ ತಂದುಕೊಡುವವರೆಗೆ ಊಟ ಮುಗಿಯುವುದಿಲ್ಲ. ಹಾಗಾಗಿ ನಿದ್ದೆಗಣ್ಣಿನ ಮಕ್ಕಳೂ ನಡುರಾತ್ರಿಯವರೆಗೆ ಎಚ್ಚರವಿರುತ್ತಾರೆ. ಅಂದು ಓದುವ ಹಗ್ಗಾದಾ ಎಂಬ ಪುಸ್ತಕದಲ್ಲಿ ನಾಲ್ಕು ಬಗೆಯ ಮಕ್ಕಳ ಪ್ರಸ್ತಾಪವಿದೆ. ಜಾಣ ಮಗು, ಎದುರು ಮಾತಾಡುವ ಮಗು, ಮುಗ್ಧ ಮಗು, ಕೇಳುವುದಕ್ಕೇ ತಿಳಿಯದ ಮಗು. ನಾಲ್ವರಿಗೂ ಬೇರೆ ಬೇರೆ ಉತ್ತರವಿದೆ. ಕೇಳಲು ತಿಳಿಯದ ಮಗುವಿಗೆ ನೀನೇ ಮಾತು ತೆಗೆದುಕೊಡು ಎಂದು ತಂದೆತಾಯಿಗೆ ಹೇಳಿದೆ. ಭಾನುವಾರ ನಿಮ್ಮ ಎದುರು ಕೂರುವ ಮಕ್ಕಳಲ್ಲೂ ಈ ನಾಲ್ವರು ಇದ್ದಾರೆ.

ಬೆನೆ ಇಸ್ರೇಲರು ಈ ಪುಸ್ತಕವನ್ನು ತಮ್ಮ ಮನೆಮಾತಿಗೆ ತಂದುಕೊಂಡದ್ದು ತಡವಾಗಿ. 1846ರಲ್ಲಿ ಮುಂಬೈಯಲ್ಲಿ ಮರಾಠಿ ಅನುವಾದದೊಂದಿಗೆ ಹಗ್ಗಾದಾ ಅಚ್ಚಾಯಿತು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಇನ್ನೊಂದರ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ಉಬ್ಬದ ರೊಟ್ಟಿ ಮಾಡುತ್ತಿದ್ದಾರೆ. ಆ ಪುಟವನ್ನು ನೋಡಿದಾಗಲೆಲ್ಲ ನನಗೆ ಅದನ್ನು ಮಾಡಿಸಿದವರ ಮೇಲೆ ಗೌರವ ಹೆಚ್ಚುತ್ತದೆ. ಮಕ್ಕಳು ಪುಸ್ತಕ ತೆರೆದರೆ ಅಲ್ಲಿ ತಮ್ಮ ತಾಯಿಯೇ ಕಾಣಬೇಕು ಎಂದು ಅವರು ಬಯಸಿದ್ದರು.

ಹಿಂದಿನ ಕಥೆಯನ್ನೂ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು, ನೆರೆಮನೆಯವರೊಡನೆ ಮಾತಿಗೆ ಸಿಗುತ್ತದೆ. ಸಮುದಾಯದ ನಂಬಿಕೆಯಂತೆ ಇವರ ಪೂರ್ವಜರು ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ಹಡಗು ಒಡೆದು ದಡ ಸೇರಿದವರು. ಉಳಿದದ್ದು ಏಳು ದಂಪತಿಗಳು, ಧರ್ಮಗ್ರಂಥಗಳೆಲ್ಲ ಸಮುದ್ರದ ಪಾಲು. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡು ಎಣ್ಣೆ ತೆಗೆದು ಬಾಳಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ‘ಶನಿವಾರ ತೇಲಿ’ ಎಂದು ಕರೆದರು. ಪೆಣ್‌ನವರು ಪೆಣಕರ್, ರೋಹೆಯವರು ರೋಹೆಕರ್ ಆದರು. ಹೀಬ್ರೂ ಮರೆತುಹೋಯಿತು. ಉಳಿದದ್ದು ಶನಿವಾರದ ಬಿಡುವು, ಮಗ ಹುಟ್ಟಿದ ಎಂಟನೆಯ ದಿನದ ಸುನ್ನತಿ, ಆಹಾರದ ಕೆಲವು ಕಟ್ಟುಪಾಡು, ಕೆಲವು ಹಬ್ಬ, ಮತ್ತು ‘ಶೆಮಾ ಇಸ್ರಾಯೇಲ್’ ಎಂಬ ಒಂದು ಪ್ರಾರ್ಥನೆ. ಸಂತೋಷಕ್ಕೂ ಅದೇ, ಸಾವಿಗೂ ಅದೇ. ಶಾಸ್ತ್ರದಲ್ಲಿ ಆ ಸಾಲಿನ ಬೆನ್ನಿಗೇ ಬರುವ ಮಾತು, ಇದನ್ನು ನಿನ್ನ ಮಕ್ಕಳಿಗೆ ಕಲಿಸು, ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಹೇಳಿಕೊಡು ಎಂಬ ಆಜ್ಞೆ. ಪುಸ್ತಕವೇ ಇಲ್ಲದ ಕಾಲದಲ್ಲಿ ಅವರು ಅದನ್ನು ಅಡುಗೆಮನೆಯ ಮೂಲಕ ಪಾಲಿಸಿದರು. ಯೋಮ್ ಕಿಪ್ಪುರ್ ಎಂಬ ಉಪವಾಸದ ದಿನಕ್ಕೆ ಬಾಗಿಲು ಮುಚ್ಚುವ ಹಬ್ಬ ಎಂದು ಮರಾಠಿಯಲ್ಲಿ ಕರೆದು, ಬಾಗಿಲು ಹಾಕಿಕೊಂಡು ಕೂತು ಆಚರಿಸಿದರು.

ದಾವಿದ್ ರಹಾಬಿ ಎಂಬ ಗುರು ಬಂದು ಮೂರು ಮನೆತನಗಳವರಿಗೆ ವಿಧಿಗಳನ್ನು ಕಲಿಸಿ, ಹಳ್ಳಿಹಳ್ಳಿಗೆ ಹೋಗಿ ಆಚರಣೆ ನಡೆಸಿಕೊಡುವ ಹೊಣೆ ಹೊರಿಸಿದ ಎಂಬುದು ಅವರ ಪರಂಪರೆಯ ನೆನಪು. ಮುಂದೆ ಕೊಚ್ಚಿಯಿಂದ ಯಹೂದಿ ಬೋಧಕರು ಬಂದರು. 1832ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಅಚ್ಚು ಮಾಡಿಸಿದರು. ಅವರ ಉದ್ದೇಶ ಮತಪ್ರಚಾರ. ಆದರೆ ಮಿಷನ್ ಶಾಲೆಗಳಲ್ಲಿ ಹೀಬ್ರೂ ಕಲಿತ ಬೆನೆ ಇಸ್ರೇಲರು ಮತಾಂತರವಾಗದೆ, ಕಲಿತ ಭಾಷೆಯಿಂದ ತಮ್ಮ ಪ್ರಾರ್ಥನಾ ಪುಸ್ತಕಗಳನ್ನು ತಾವೇ ಅನುವಾದಿಸಿಕೊಂಡರು. 1875ರಲ್ಲಿ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಮತ್ತು ಸಂಗಡಿಗರು ಮುಂಬೈಯಲ್ಲಿ ಸಮುದಾಯದ್ದೇ ಶಾಲೆ ತೆರೆದರು. ಅದೇ ಮುಂದೆ ಸರ್ ಎಲಿ ಕಡೂರಿ ಶಾಲೆಯಾಯಿತು. ಅದೇ ಹೊತ್ತಿಗೆ, 1880ರ ಸುಮಾರಿಗೆ, ಮರಾಠಿ ಕೀರ್ತನದ ಮಟ್ಟಿನಲ್ಲಿ ಅಬ್ರಹಾಮ, ಯೋಸೇಫ, ಮೋಶೆಯರ ಕಥೆ ಹೇಳುವ ಯಹೂದಿ ಕೀರ್ತನಕಾರರು ಹುಟ್ಟಿಕೊಂಡರು. ಹರಿಕಥೆ ಕೇಳಿ ಬೆಳೆದ ನಮಗೆ ಅದರ ಕಸುವು ಬಿಡಿಸಿ ಹೇಳಬೇಕಾಗಿಲ್ಲ. ಓದುಬರಹ ಬಾರದ ಅಜ್ಜಿಯರೂ ರಾತ್ರಿಯಿಡೀ ಕೂತು ಶಾಸ್ತ್ರ ಕೇಳಿದರು.

ಕರ್ನಾಟಕದ ನಂಟು ಇರುವ ಎರಡು ಕಥೆಗಳನ್ನು ಹೇಳದೆ ಮುಂದೆ ಹೋಗಲಾರೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾದರು. ಕುರಾನಿನಲ್ಲಿ ಹೆಸರಿರುವ ಬನೀ ಇಸ್ರಾಯೀಲ್ ಜನ ಇವರೇ ಎಂದು ತಿಳಿದ ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರು ಎಂದು ಸಮುದಾಯ ಇಂದಿಗೂ ಹೇಳುತ್ತದೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ‘ಶಾರ್ ಹರಹಮೀಮ್’ ಕಟ್ಟಿಸಿದರು. ನೀವು ದಿನವೂ ರೈಲಿನಲ್ಲಿ ದಾಟುವ ಮಸ್ಜಿದ್ ನಿಲ್ದಾಣಕ್ಕೆ ಆ ಹೆಸರು ಬಂದದ್ದು ಈ ಸಿನಗಾಗ್‌ನಿಂದಲೇ ಎನ್ನುತ್ತಾರೆ. ಹತ್ತಿರದ ಸ್ಯಾಮ್ಯುಯೆಲ್ ಸ್ಟ್ರೀಟ್ ಕೂಡ ಅವರ ನೆನಪಿನದು.

ಇನ್ನೊಂದು ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾದ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ, ಮೆಣಸು, ಅಡಕೆ, ಕಂಚಿನ ಪಾತ್ರೆಗಳ ವ್ಯಾಪಾರ ನಡೆಸಿದ. ಅವನ ಮನೆಯಾಕೆ ಆಶು, ಅವನ ಆಳು ಬೊಮ್ಮ. ಈ ಹೆಸರುಗಳು ಕೈರೋದ ಸಿನಗಾಗ್‌ನಲ್ಲಿ ಸಿಕ್ಕ ಹಳೆಯ ಕಾಗದಗಳಲ್ಲಿ ಉಳಿದಿವೆ. ಅವನು ವಿದ್ವಾಂಸ, ಹೀಬ್ರೂ ಕವಿ. ವ್ಯಾಪಾರವೂ ಚೆನ್ನಾಗಿತ್ತು. ಆದರೂ 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟುಹೋದ, ಮಗಳನ್ನು ತನ್ನ ಬಂಧುಗಳಲ್ಲೇ ಕೊಡಬೇಕೆಂದು ತವರಿಗೆ ಪತ್ರಗಳ ಮೇಲೆ ಪತ್ರ ಬರೆದ. ಕೊನೆಗೆ 1156ರಲ್ಲಿ ಈಜಿಪ್ಟಿನಲ್ಲಿ ತನ್ನ ಸೋದರನ ಮಗನೊಂದಿಗೆ ಅವಳ ಮದುವೆಯಾಯಿತು. ಎಷ್ಟೇ ಓದಿಕೊಂಡ ತಂದೆಯಾದರೂ ಒಬ್ಬನೇ ಇದ್ದು ಮಕ್ಕಳಿಗೆ ಸಮುದಾಯವನ್ನು ಕಟ್ಟಿಕೊಡಲಾರ ಎಂದು ನಾನು ಆ ಪತ್ರಗಳಿಂದ ಅರ್ಥಮಾಡಿಕೊಂಡಿದ್ದೇನೆ.

ಇಂದಿನ ಸಂಸ್ಥೆಗಳ ವಿಷಯಕ್ಕೆ ಬರುತ್ತೇನೆ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಯಾರೂ ಅಟ್ಟಲಿಲ್ಲ, ತಾವಾಗಿ ಹೋದರು. 2011ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಯಹೂದಿಗಳು 4,650 ಮಂದಿ, ಅರ್ಧಕ್ಕಿಂತ ಹೆಚ್ಚು ಮಹಾರಾಷ್ಟ್ರದಲ್ಲಿ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ಕೊಟ್ಟಿತು. ಮುಂಬೈಯಲ್ಲಿ ಒಂದು ಯಹೂದಿ ಸಮುದಾಯ ಕೇಂದ್ರವಿದೆ, ವರ್ಲಿಯಲ್ಲಿ ಓ.ಆರ್.ಟಿ. ಎಂಬ ಸಂಸ್ಥೆಯಿದೆ. ಇದರ ಮೂಲ 1880ರಲ್ಲಿ ರಷ್ಯಾದ ಯಹೂದಿ ಯುವಕರಿಗೆ ಕಸುಬು ಕಲಿಸಲು ಹುಟ್ಟಿದ ಸಂಘ. ಮುಂಬೈಯಲ್ಲೂ ಅದು ವೃತ್ತಿಶಿಕ್ಷಣದಿಂದಲೇ ಆರಂಭವಾಗಿ, ಆಮೇಲೆ ಹೀಬ್ರೂ ಮತ್ತು ಧರ್ಮಶಿಕ್ಷಣವನ್ನೂ ಕೈಗೆತ್ತಿಕೊಂಡಿತು. ಭಾನುವಾರದ ಮಕ್ಕಳ ತರಗತಿ, ಹಿರಿಯ ನಾಗರಿಕರ ಕೂಟ, ಯುವಕರ ಶಿಬಿರ, ಹನುಕ್ಕಾದ ದೀಪ ಹಚ್ಚುವ ಸಂಜೆ, ಹೀಗೆ ವರ್ಷವಿಡೀ ಒಂದಲ್ಲ ಒಂದು ನಡೆದೇ ಇರುತ್ತದೆ. ನಿಮ್ಮ ಊರಿನ ಸಿನಗಾಗ್ ‘ಶಾರ್ ಹಶಾಮಾಯಿಮ್’ 1879ರದ್ದು. ಮುಂಬೈಯ ಹಳೆಯ ಕೇರಿಗಳಿಂದ ಜನ ಠಾಣೆಗೆ ಬಂದು ನೆಲೆಸಿದ್ದರಿಂದ ಅಲ್ಲಿ ಹಬ್ಬದ ದಿನ ಇಂದಿಗೂ ತುಂಬಿದ ಸಭೆ ಕಾಣಬಹುದು. ಸಿಮ್ಹಾತ್ ತೋರಾ ಸಂಜೆ ಸುರುಳಿಗಳನ್ನು ಎತ್ತಿಕೊಂಡು ಕುಣಿಯುವುದನ್ನು ಅವಕಾಶ ಸಿಕ್ಕರೆ ನೋಡಿ. ವರ್ಷವಿಡೀ ವಾರಕ್ಕೊಂದು ಭಾಗದಂತೆ ಓದಿ ಮುಗಿಸಿದ ತೋರಾವನ್ನು ಅಂದು ಕೊನೆಯ ಸಾಲಿನವರೆಗೆ ಓದಿ, ಉಸಿರು ಬಿಡುವಷ್ಟರಲ್ಲಿ ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಬೆಂಗಳೂರಿನಲ್ಲಿ ಇಂಥ ಸಿನಗಾಗ್ ಕಟ್ಟಡವಿಲ್ಲ. ಮೈಸೂರು ರಸ್ತೆಯ ಯಹೂದಿ ಸ್ಮಶಾನ ಅವರ ಹಳೆಯ ಗುರುತು.

ತರಗತಿಗಳ ಬಗ್ಗೆ ನನ್ನ ಅಭಿಪ್ರಾಯ ಖಂಡಿತವಾಗಿದೆ. ಶಿಬಿರ, ಉಪನ್ಯಾಸ, ವಸ್ತುಪ್ರದರ್ಶನಗಳಿಂದ ಉಪಯೋಗವಿಲ್ಲ ಎನ್ನಲಾರೆ. ಚದುರಿ ಬಾಳುವ ಮಕ್ಕಳು ತಮ್ಮ ಓರಗೆಯವರನ್ನು ಕಾಣುವುದೇ ಅಲ್ಲಿ. ಆದರೆ ಮನೆಯಲ್ಲಿ ಬಳಕೆಯಿಲ್ಲದ್ದನ್ನು ವಾರಕ್ಕೊಮ್ಮೆ ಎರಡು ಗಂಟೆಯ ತರಗತಿ ಉಳಿಸಿಕೊಡಲಾರದು. ಶುಕ್ರವಾರ ಮಧ್ಯಾಹ್ನ ಬೆನೆ ಇಸ್ರೇಲ್ ಮನೆಯಲ್ಲಿ ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಸೋಸಿ ಶರಬತ್ತು ಮಾಡುತ್ತಾರೆ. ವೈನ್ ಬದಲು ಅದರ ಮೇಲೇ ಶಬ್ಬಾತಿನ ಆಶೀರ್ವಚನ ಹೇಳುತ್ತಾರೆ. ಆ ಶರಬತ್ತನ್ನು ಸೋಸಿಕೊಟ್ಟ ಮಗುವಿಗೆ ಅಂದಿನ ಹೀಬ್ರೂ ಸಾಲುಗಳು ತಾವಾಗಿ ಬರುತ್ತವೆ. ಭಾನುವಾರದ ಶಿಕ್ಷಕಿಗೆ ಆ ಸಾಲುಗಳ ಅರ್ಥ ಹೇಳುವ ಕೆಲಸವಷ್ಟೇ ಉಳಿಯುತ್ತದೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂ ಹಾಡುಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟು, ಮದುವೆಗಳಲ್ಲಿ, ಹಬ್ಬಗಳಲ್ಲಿ ಗಂಡಸರ ಮುಂದೆಯೇ ಹಾಡುತ್ತಿದ್ದರು. ಆ ಪುಸ್ತಕಗಳು ತಾಯಿಯಿಂದ ಮಗಳಿಗೆ ಬಂದವು. ಹಾಡುವ ಸಂದರ್ಭಗಳು ಇದ್ದುದರಿಂದ ಪುಸ್ತಕಗಳು ಉಳಿದವು. ಇಸ್ರೇಲಿಗೆ ಹೋದ ಬೆನೆ ಇಸ್ರೇಲರು ಅಲ್ಲಿ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ನಡೆಸಿದ್ದಾರೆ, ಮಹಾರಾಷ್ಟ್ರ ದಿನ ಆಚರಿಸುತ್ತಾರೆ. ಮಲೀದಾವನ್ನೂ ಬಿಟ್ಟಿಲ್ಲ.

ನಿಮ್ಮ ಕನ್ನಡ ತರಗತಿಗೆ ಬರೋಣ. ಮಕ್ಕಳು ಬಿಟ್ಟುಹೋಗುತ್ತಾರೆ ಎಂದಿರಿ. ಅವರು ಬಾರದಿದ್ದರೆ ನಿಂತುಹೋಗುವ ಕೆಲಸ ನಿಮ್ಮಲ್ಲಿ ಯಾವುದಿದೆ? ಬಹುಶಃ ಯಾವುದೂ ಇಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಇಪ್ಪತ್ತು ಮಕ್ಕಳ ಗುಂಪು ನೃತ್ಯದಲ್ಲಿ ಒಂದು ಮಗು ಕಡಿಮೆಯಾದರೆ ಯಾರಿಗೂ ಗೊತ್ತಾಗದು. ಯುಗಾದಿಯ ದಿನ ನಿಮ್ಮ ಸಂಘದಲ್ಲಿ ಪಂಚಾಂಗ ಶ್ರವಣ ನಡೆಯುತ್ತದಲ್ಲವೇ? ಅದನ್ನು ಓದುವ ಕೆಲಸವನ್ನು ಹದಿಮೂರು ತುಂಬಿದ ಹುಡುಗಿಗೋ ಹುಡುಗನಿಗೋ ಕೊಡಿ. ಎರಡು ತಿಂಗಳು ಮುಂಚೆ ಹೇಳಿ, ಓದಿಸಿ, ತಿದ್ದಿ. ಅಂದು ಅವರ ಬದಲಿಗೆ ಇನ್ನೊಬ್ಬರನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಡಿ. ದೊಡ್ಡವರಿಗೆ ಇದು ಕಷ್ಟ, ನಡುವೆ ಬಾಯಿ ಹಾಕಬೇಕೆನಿಸುತ್ತದೆ. ಮಗು ತಡವರಿಸಿದರೆ ಕಾಯಬೇಕು.

ತಂದೆತಾಯಿಗಳನ್ನು ಹೊರಗೆ ಮೊಬೈಲ್ ಹಿಡಿದು ಕೂರಲು ಬಿಡಬೇಡಿ. ಅವರನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿ ಏನಾದರೂ ಓದಿಸಿ. ಯಹೂದಿಗಳಲ್ಲಿ ಕಲಿಕೆ ಮಕ್ಕಳ ವಯಸ್ಸಿಗೆ ಮುಗಿಯುವುದಿಲ್ಲ. 1923ರಲ್ಲಿ ಪೋಲೆಂಡಿನ ರಬ್ಬಿ, ಅಂದರೆ ಧರ್ಮಗುರು, ಮೇಯರ್ ಶಪಿರೊ ದಿನಕ್ಕೊಂದು ಹಾಳೆಯಂತೆ ತಾಲ್ಮುದ್ ಎಂಬ ಧರ್ಮಚರ್ಚೆಗಳ ದೊಡ್ಡ ಗ್ರಂಥವನ್ನು ಓದುವ ಪದ್ಧತಿ ಶುರು ಮಾಡಿದರು. 2,711 ಹಾಳೆ ಮುಗಿಯಲು ಸುಮಾರು ಏಳೂವರೆ ವರ್ಷ ಬೇಕು. ಲೋಕದ ಎಲ್ಲ ಕಡೆ ಒಂದೇ ದಿನ ಒಂದೇ ಹಾಳೆ. ಅಂಗಡಿಯವರು, ವೈದ್ಯರು, ನಿವೃತ್ತರು ಎಲ್ಲರೂ ಓದುತ್ತಾರೆ. ಅಪ್ಪ ಓದುವುದನ್ನು ಕಂಡ ಮಗುವಿಗೆ ಓದು ದೊಡ್ಡವರ ಕೆಲಸ ಎಂದು ತಿಳಿಯುತ್ತದೆ, ಅದಕ್ಕೆ ತಾನೂ ಸೇರಬೇಕೆಂದು ಆಸೆಯಾಗುತ್ತದೆ.

ಇನ್ನೊಂದು ಸಲಹೆ ಗಮಕದ ವಿಷಯ. ಸುರುಳಿಯನ್ನು ಧಾಟಿಯಲ್ಲಿ ಓದುವುದಕ್ಕೆ ಹತ್ತಿರದ್ದು ನಮ್ಮಲ್ಲಿ ಗಮಕ ವಾಚನವೇ. ನಡುಗನ್ನಡದ ಷಟ್ಪದಿಯನ್ನು ರಾಗವಾಗಿ ಓದುವವರೂ ಅರ್ಥ ಹೇಳುವವರೂ ಠಾಣೆ, ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡ ಸಂಘಗಳಲ್ಲಿ ಹುಡುಕಿದರೆ ಸಿಗಬಹುದು, ಬಹುಪಾಲು ವಯಸ್ಸಾದವರು. ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಮಗುವನ್ನು ಒಪ್ಪಿಸಿ. ಒಂದು ವರ್ಷಕ್ಕೆ ಐದು ಪದ್ಯ ಸಾಕು. ಮಗು ಹಿರಿಯರ ಮನೆಗೆ ಹೋಗಿ ಕಲಿಯಲಿ, ಹದಿಮೂರನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ಸಭೆಯ ಮುಂದೆ ಓದಲಿ. ಅರ್ಥವನ್ನೂ ತನ್ನ ಮಾತಿನಲ್ಲಿ ಹೇಳಲಿ, ಏಕೆಂದರೆ ಬಾರ್ ಮಿತ್ಸ್ವಾದ ಹುಡುಗನೂ ಓದಿದ ಭಾಗದ ಮೇಲೆ ಪುಟ್ಟ ಭಾಷಣ ಮಾಡುವ ರೂಢಿ ಹಲವು ಕಡೆ ಇದೆ. ಉಚ್ಚಾರ ತಪ್ಪಿದರೆ ಹಿರಿಯರು ಅಲ್ಲೇ ತಿದ್ದಲಿ, ಚಪ್ಪಾಳೆಯ ಅವಸರ ಬೇಡ. ಮೊದಲ ವರ್ಷ ಇಬ್ಬರು ಮಕ್ಕಳು ಒಪ್ಪಿಕೊಂಡರೂ ಶುರು ಮಾಡಿ. ಅವರಿಬ್ಬರನ್ನು ಆರಿಸುವಾಗ ತರಗತಿಯ ಜಾಣರನ್ನೇ ಹುಡುಕಬೇಡಿ, ಹಿಂದಿನ ಬೆಂಚಿನಲ್ಲಿ ಏನೂ ಕೇಳದೆ ಕೂರುವ ಮಗುವನ್ನು ಮೊದಲು ಮಾತನಾಡಿಸಿ.